ಹಲೀಮಾಳ ಹೆರಿಗೆ ಪುಸ್ತಕ

ತಂಗಿಯ ಮಗಳ ಬಾಣಂತನಕ್ಕೆಂದು ನಾನು ಜಿದ್ದಾಕ್ಕೆ ಬಂದು ಇಪ್ಪತ್ತೆರಡು ದಿನವಾಯಿತು. ಅಜೀಜಿಯಾದ ಈ ಮನೆಯಲ್ಲಿ ಈಗ ಎಲ್ಲಕ್ಕೂ ಹೊತ್ತು ಗೊತ್ತಾಗಿದೆ. ಐದೂವರೆಗೆ ಏಳುವುದು, ಆರಕ್ಕೆ ಬಾಣಂತಿಗೆ ಕಷಾಯ, ಏಳಕ್ಕೆ ಎಣ್ಣೆ, ಏಳೂವರೆಗೆ ಬಿಸಿನೀರು. ಮೊನ್ನೆ ಅವಳು, "ದೊಡ್ಡಮ್ಮ, ಇದು ಮನೆಯಾ, ನಿಮ್ಮ ವಾರ್ಡಾ?" ಎಂದು ಕೇಳಿದಳು. ವಾರ್ಡಾಗಿದ್ದರೆ ಇಷ್ಟು ಮಾತಾಡುವ ಪೇಷೆಂಟನ್ನು ಮೂರನೇ ದಿನವೇ ಮನೆಗೆ ಕಳುಹಿಸುತ್ತಿದ್ದೆ ಎಂದೆ.

ಕಳೆದ ಶುಕ್ರವಾರ ಝೊಹರಾ ಮಗು ನೋಡಲು ಬಂದಳು. ಉಳ್ಳಾಲದವಳು. ನಾನು ಇಲ್ಲಿನ ಹೆರಿಗೆ ಆಸ್ಪತ್ರೆಯಲ್ಲಿ ಹೆಡ್ ನರ್ಸ್ ಆಗಿದ್ದಾಗ ನನ್ನ ಕೈಕೆಳಗೆ ಹದಿನಾಲ್ಕು ವರ್ಷ ಕೆಲಸ ಮಾಡಿದವಳು, ಈಗಲೂ ಅಲ್ಲಿಯೇ ಇದ್ದಾಳೆ. ಮಗುವನ್ನು ಎತ್ತಿ ಇಳಿಸಿದ ಮೇಲೆ ಬ್ಯಾಗಿನಿಂದ ಬಟ್ಟೆಯ ಒಂದು ಪೊಟ್ಟಣ ತೆಗೆದು ನನ್ನ ಕೈಯಲ್ಲಿಟ್ಟಳು.

"ಯಾರು ಕಳ್ಸಿದ್ದು ಅಂತ ಕೇಳ್ಬೇಡಿ ಸಿಸ್ಟರೇ. ಮೂಸಿ ನೋಡಿ."

ಲವಂಗ. ಅಂಗಡಿಯ ಲವಂಗಕ್ಕೆ ಆ ಘಾಟು ಇರುವುದಿಲ್ಲ. ಮೂಗಿಗೆ ಹತ್ತಿದ ಕೂಡಲೇ ನಾನು ಹೆಸರು ಹೇಳಿದೆ.

"ಹಲೀಮಾ."

"ಅವಳ ಊರಿನವರು ಉಮ್ರಾ ಯಾತ್ರೆಗೆ ಬಂದಿದ್ರು. ನಿಮ್ಮಲ್ಲಿ ಬಾಣಂತಿ ಉಂಟು ಅಂತ ನಾನೇ ಫೋನಲ್ಲಿ ಹೇಳಿದ್ದು. ಕಷಾಯಕ್ಕೆ ಹಾಕ್ಲಿಕ್ಕೆ ಅಂತ ಕಳ್ಸಿದ್ದಾಳೆ."

ಪೊಟ್ಟಣವನ್ನು ಕಪಾಟಿನ ಮೇಲಿನ ಹಲಗೆಯಲ್ಲಿಟ್ಟೆ. ಮರುದಿನದ ಕಷಾಯಕ್ಕೆ ಅಂಗಡಿಯ ಲವಂಗವನ್ನೇ ಹಾಕಿದೆ. ಅವಳದ್ದನ್ನು ಬಳಸುವ ಹಕ್ಕು ನನಗಿದೆಯೆಂದು ಅನ್ನಿಸಲಿಲ್ಲ. ಎಂಟು ವರ್ಷದ ಹಿಂದಿನ ಆ ವರ್ಷವನ್ನು ನಾನು ಇದುವರೆಗೆ ಯಾರಿಗೂ ಮೊದಲಿನಿಂದ ಕೊನೆಯವರೆಗೆ ಹೇಳಿದ್ದಿಲ್ಲ. ಈಗ ಬರೆಯುತ್ತೇನೆ.

ಆ ವರ್ಷ ಚಳಿಗಾಲ ಮುಗಿಯುವ ಹೊತ್ತಿಗೆ ನಮ್ಮ ಆಸ್ಪತ್ರೆಗೆ ಐದು ಮಂದಿ ಹೆಂಗಸರು ತರಬೇತಿಗೆ ಬಂದರು. ಇಬ್ಬರು ಮಾಲ್ಡೀವ್ಸಿನವರು, ಮೂವರು ಕೊಮೊರೋಸಿನವರು. ಸಣ್ಣ ದ್ವೀಪದ ದೇಶಗಳಲ್ಲಿ ಸೂಲಗಿತ್ತಿಯ ಕೆಲಸವನ್ನು ಗಟ್ಟಿ ಮಾಡಬೇಕು, ಡಾಕ್ಟರಿಲ್ಲದ ದ್ವೀಪದಲ್ಲೂ ಕಲಿತವಳೊಬ್ಬಳು ಇರಬೇಕು ಎಂಬುದು ಆ ಯೋಜನೆಯ ಉದ್ದೇಶ. ಹತ್ತು ತಿಂಗಳು ಕಲಿಸಿ ಕಳುಹಿಸುವ ಹೊಣೆ ನನ್ನದು. ನಿವೃತ್ತಿಗೆ ಎರಡು ವರ್ಷವಿತ್ತು. ಈ ಕೆಲಸ ನನಗೇ ಬಂದದ್ದು ನ್ಯಾಯ ಎಂದುಕೊಂಡೆ.

ಹಲೀಮಾಗೆ ಆಗ ಮೂವತ್ತೆರಡು. ಎತ್ತರದ ಹೆಂಗಸು, ನಡೆದರೆ ಸದ್ದಾಗುತ್ತಿರಲಿಲ್ಲ. ಕೊಮೊರೋಸಿನ ದ್ವೀಪಗಳಲ್ಲೆಲ್ಲ ಅತಿ ಚಿಕ್ಕದರಿಂದ ಬಂದಿದ್ದಳು. ಅಲ್ಲಿಯ ಆರೋಗ್ಯ ಕೇಂದ್ರದಲ್ಲಿ ಹನ್ನೊಂದು ವರ್ಷ ನೆಲ ಒರೆಸಿ, ಬಟ್ಟೆ ಒಗೆದು, ಹೆರಿಗೆಯಾಗುವಾಗ ದೀಪ ಹಿಡಿದವಳು. ಅರಬ್ಬಿಯನ್ನು ಮದ್ರಸಾದಲ್ಲಿ ಕಲಿತಿದ್ದಳು, ನಾನು ವಾರ್ಡಿನಲ್ಲಿ ಕಲಿತಿದ್ದೆ. ಅವಳದ್ದು ಪುಸ್ತಕದ ಅರಬ್ಬಿ, ನನ್ನದು ಬೀದಿಯದು. ಆದರೂ ನಮ್ಮ ಮಾತು ನಡೆಯುತ್ತಿತ್ತು. ನನ್ನನ್ನು ಅವಳು "ಅಬ್ಲಾ" ಎನ್ನುತ್ತಿದ್ದಳು. ಇಲ್ಲಿ ಮಕ್ಕಳು ಟೀಚರಮ್ಮನನ್ನು ಹಾಗೆ ಕರೆಯುತ್ತಾರೆ.

"ನಿಮ್ಮಲ್ಲಿ ಹೆರಿಗೆ ಕಷ್ಟವಾದರೆ ಏನು ಮಾಡುತ್ತೀರಿ?" ಎಂದು ಮೊದಲ ವಾರ ಕೇಳಿದ್ದೆ.

"ದೋಣಿಯಲ್ಲಿ ದೊಡ್ಡ ದ್ವೀಪಕ್ಕೆ ಕರೆದುಕೊಂಡು ಹೋಗುತ್ತೇವೆ, ಅಬ್ಲಾ."

"ಸಮುದ್ರ ಏರಿದ್ದರೆ?"

"ಇಳಿಯುವ ತನಕ ಕಾಯುತ್ತೇವೆ."

ಮಗು ಕಾಯುವುದಿಲ್ಲವಲ್ಲ ಎಂದೆ. ಅದಕ್ಕೇ ನಾನು ಬಂದದ್ದು ಎಂದಳು.

ನನ್ನ ನಿಯಮಗಳನ್ನು ಇಲ್ಲಿ ಹೇಳಬೇಕು. ನಾನು ಕಲಿತದ್ದು ಉಡುಪಿ ಕಡೆಯ ಒಂದು ಮಿಷನ್ ಆಸ್ಪತ್ರೆಯಲ್ಲಿ. ಹಾಸ್ಟೆಲಿನಲ್ಲಿ ಬೆಳಿಗ್ಗೆ ಐದೂವರೆಗೆ ಗಂಟೆ, ಐದು ನಲವತ್ತಕ್ಕೆ ಹಾಸಿಗೆಯ ಮೂಲೆ ಮಡಚಿರಬೇಕು. ಮೇಟ್ರನ್ ನಮಗೆ ಎಲ್ಲಕ್ಕಿಂತ ಹೆಚ್ಚು ತಿದ್ದಿ ಕಲಿಸಿದ್ದು ಒಂದೇ ವಿಷಯ. ಮಗು ಹುಟ್ಟಿದ ಕೂಡಲೇ ಕೋಣೆಯಲ್ಲಿದ್ದವರೆಲ್ಲ ಮಗುವಿನ ಕಡೆ ತಿರುಗುತ್ತಾರೆ, ನೀನು ತಾಯಿಯ ಕಡೆ ತಿರುಗಿರು ಎನ್ನುತ್ತಿದ್ದರು. ಹೆತ್ತ ಮೇಲಿನ ಎರಡು ಗಂಟೆ ತಾಯಿಯ ಪಕ್ಕ ಸ್ಟೂಲು ಹಾಕಿ ಕೂರಬೇಕು. ಕಾಲು ಗಂಟೆಗೊಮ್ಮೆ ಹೊಟ್ಟೆಯ ಮೇಲೆ ಕೈಯಿಟ್ಟು ಗರ್ಭಕೋಶ ಗಟ್ಟಿಯಾಗಿದೆಯೇ ಎಂದು ನೋಡಬೇಕು. ಮೆತ್ತಗಾಯಿತೋ, ರಕ್ತ ಹೋಗುತ್ತದೆ. ಸದ್ದಿಲ್ಲದೆ ಹೋಗುತ್ತದೆ.

ನನ್ನ ವಿದ್ಯಾರ್ಥಿನಿಯರಿಗೂ ಅದೇ ನಿಯಮ. ಪ್ರತಿಯೊಬ್ಬಳಿಗೂ ಒಂದು ಹೆರಿಗೆ ಪುಸ್ತಕ. ತಾನೇ ಮಾಡಿಸಿದ ನಲವತ್ತು ಹೆರಿಗೆಗಳನ್ನು ಅದರಲ್ಲಿ ಬರೆಯಬೇಕು. ಎರಡು ಗಂಟೆ ತಾನೇ ಕೂತಿದ್ದರೆ ಮಾತ್ರ ಆ ಹೆರಿಗೆ ಲೆಕ್ಕಕ್ಕೆ. ಆದದ್ದನ್ನು ಆದ ಹಾಗೆ ಬರೆಯಬೇಕು. ಹೆರಿಗೆ ಕೋಣೆಗೆ ಫೋನು ತರುವಂತಿಲ್ಲ, ಹೊರಗೆ ಝೊಹರಾಳ ಮೇಜಿನಲ್ಲಿ ಕೊಟ್ಟು ಬರಬೇಕು. ನಾನು ಒಳಗೆ ಬಂದರೆ ಗೋಡೆಯ ಗಡಿಯಾರವೂ ಎದ್ದು ನಿಲ್ಲುತ್ತದೆ ಎಂದು ಝೊಹರಾ ಆ ಐವರಿಗೆ ಹೇಳಿಕೊಟ್ಟಿದ್ದಳು. ನಾನು ಕೇಳಿಸಿಕೊಂಡಿದ್ದೆ. ಬೇಸರವಾಗಿರಲಿಲ್ಲ.

ಬೇಸಿಗೆ ಬಂತು. ಜಿದ್ದಾದ ಬೇಸಿಗೆಯಲ್ಲಿ ಕಡಲಿನ ಹಬೆ ಊರ ಮೇಲೆ ಕೂತುಬಿಡುತ್ತದೆ. ಹಾಸ್ಟೆಲಿನಿಂದ ವಾರ್ಡಿಗೆ ನೂರು ಹೆಜ್ಜೆ, ಅಷ್ಟರಲ್ಲಿ ಸಮವಸ್ತ್ರ ಬೆನ್ನಿಗೆ ಅಂಟುತ್ತಿತ್ತು. ಹಲೀಮಾ ಮಾತ್ರ ನಡು ಮಧ್ಯಾಹ್ನ ಹೊರಗಿನ ಕಟ್ಟೆಯಲ್ಲಿ ಕೂತು ಪುಸ್ತಕ ಓದುವಳು. ಊರಿನ ಗಾಳಿಯ ಹಾಗೆ ಇದೆ ಎನ್ನುವಳು. ಅವಳ ಕೈ ಬೇಗ ಪಳಗಿತು. ಮಾಲ್ಡೀವ್ಸಿನ ಒಬ್ಬ ಹುಡುಗಿಗೆ ಧೈರ್ಯ ಕಡಿಮೆ, ಹೆರಿಗೆಗಳು ಸಾಲುತ್ತಿರಲಿಲ್ಲ. ತನ್ನ ಪಾಲಿಗೆ ಬಂದ ಮೂರು ಹೆರಿಗೆಗಳನ್ನು ಹಲೀಮಾ ಅವಳಿಗೆ ಬಿಟ್ಟುಕೊಟ್ಟು, ತಾನು ಹಿಂದೆ ನಿಂತು ಹೇಳಿಕೊಟ್ಟಳು.

ನವೆಂಬರಿನಲ್ಲಿ ಒಂದು ಬೆಳಿಗ್ಗೆ ಮಳೆ ಬಂತು. ನಮ್ಮೂರಿನವರು ಮಳೆಯೆಂದೇ ಕರೆಯದಷ್ಟು ಹೊತ್ತು, ಎರಡೂವರೆ ಗಂಟೆ. ಜಿದ್ದಾಕ್ಕೆ ಅಷ್ಟೇ ಸಾಕು. ರಸ್ತೆಗಳೆಲ್ಲ ಹೊಳೆಯಾದವು, ಹಗಲಿನ ಪಾಳಿಯವರು ಅರ್ಧದಲ್ಲಿ ಸಿಕ್ಕಿಬಿದ್ದರು. ವಾರ್ಡಿನಲ್ಲಿ ಒಬ್ಬ ಡಾಕ್ಟರು, ನಾನು, ಝೊಹರಾ, ಈ ಐವರು. ಸಂಜೆಯೊಳಗೆ ಒಂಬತ್ತು ಹೆರಿಗೆ. ಒಂದು ಮಗುವಿನ ಭುಜ ಸಿಕ್ಕಿಕೊಂಡಿತು. ಡಾಕ್ಟರು ಆಪರೇಷನ್ ಕೋಣೆಯಲ್ಲಿದ್ದರು. ನಾನು ಓಡಿ ಬರುವಷ್ಟರಲ್ಲಿ ಹಲೀಮಾ ತಾಯಿಯ ಮೊಣಕಾಲುಗಳನ್ನು ಎದೆಗೆ ಮಡಚಿಸಿ, ನಾನು ಕಲಿಸಿದ ಕ್ರಮದಲ್ಲೇ ಒಂದೊಂದಾಗಿ ಮಾಡುತ್ತಿದ್ದಳು. ಮಗು ಬಂತು, ಅತ್ತಿತು.

"ಇವಳಿಗೆ ಇನ್ನೆಂತ ಕಲಿಸ್ಲಿಕ್ಕೆ ಉಂಟು ಸಿಸ್ಟರೇ? ಸರ್ಟಿಫಿಕೇಟು ಕೊಟ್ಟು ಕಳ್ಸಿ ಮಾರಾಯ್ರೆ" ಎಂದಳು ಝೊಹರಾ.

ಆ ಸಂಜೆ ಹಲೀಮಾ ನನಗೆ ತನ್ನ ತಂಗಿಯ ಫೋಟೋ ತೋರಿಸಿದಳು. ನಜ್ಮಾ, ಇಪ್ಪತ್ನಾಲ್ಕು ವರ್ಷ, ಮೊದಲ ಬಸಿರು. ತಾಯಿ ತೀರಿಹೋದ ಮೇಲೆ ಹಲೀಮಾಳೇ ಬೆಳೆಸಿದ ಹುಡುಗಿ. ತಾನು ಮನೆ ಮುಟ್ಟಿದ ಮೇಲೆ ಮಾಡಿಸುವ ಮೊದಲ ಹೆರಿಗೆ ಅವಳದ್ದೇ ಎಂದಳು. ಲವಂಗ ಕೊಯ್ದು ಒಣಗಿಸುವವರು ಅವರು. ತಂಗಿ ಕಳುಹಿಸಿದ್ದ ಒಂದು ಮುಷ್ಟಿಯನ್ನು ಕಾಗದದಲ್ಲಿ ಸುತ್ತಿ ನನಗೆ ಕೊಟ್ಟಳು.

ಡಿಸೆಂಬರಿನ ನಡುವೆ, ಒಂದು ಬುಧವಾರ ಮಧ್ಯಾಹ್ನ ಮೂರಕ್ಕೆ, ನಾನು ಐದು ಪುಸ್ತಕಗಳನ್ನೂ ಕೊನೆಯ ಬಾರಿ ನೋಡಲು ಕೂತೆ. ನಾಲ್ಕಕ್ಕೆ ಅವು ಆಫೀಸಿಗೆ ಹೋಗಬೇಕು. ಗುರುವಾರ ಕಮಿಟಿಯ ಮೂವರು ಕೂತು ಸರ್ಟಿಫಿಕೇಟಿಗೆ ಸಹಿ ಹಾಕುತ್ತಾರೆ, ಶನಿವಾರ ಐವರಿಗೂ ವಿಮಾನ. ಕಮಿಟಿ ಕೂರುವುದು ನಾಲ್ಕು ವಾರಕ್ಕೊಮ್ಮೆ.

ಹಲೀಮಾಳ ಪುಸ್ತಕದಲ್ಲಿ ಸರಿಯಾಗಿ ನಲವತ್ತು. ಮೂವತ್ತೆಂಟನೆಯದರಲ್ಲಿ, ಎರಡು ಗಂಟೆಯ ಟಿಪ್ಪಣಿಯ ನಡುವೆ, ಅವಳ ದುಂಡು ಅಕ್ಷರದಲ್ಲಿ ಒಂದು ಸಾಲು: ನಾಲ್ಕು ಹತ್ತರಿಂದ ನಾಲ್ಕು ಇಪ್ಪತ್ತೇಳರವರೆಗೆ ನಾನು ಹೊರಗೆ ಹೋಗಿದ್ದೆ, ಆಗ ಸಿಸ್ಟರ್ ಝೊಹರಾ ಕೂತಿದ್ದರು.

ಹದಿನೇಳು ನಿಮಿಷ. ಝೊಹರಾ ಬಿಟ್ಟು ಬೇರೆ ಯಾರೂ ಅದನ್ನು ನೋಡಿರಲಿಲ್ಲ. ಅವಳು ಬರೆಯದಿದ್ದರೆ ನನಗೆ ಗೊತ್ತಾಗುತ್ತಲೂ ಇರಲಿಲ್ಲ. ಕರೆಸಿದೆ.

"ಎಲ್ಲಿಗೆ ಹೋಗಿದ್ದೆ?"

"ನಜ್ಮಾಳ ಫೋನು ಬಂದಿತ್ತು, ಅಬ್ಲಾ. ಅವಳು ಗುಡ್ಡ ಹತ್ತಿದರೆ ಮಾತ್ರ ಫೋನು ಸಿಗುವುದು. ಬೆಳಗಿನಿಂದ ಮಗು ಅಲುಗಾಡಿಲ್ಲ ಎಂದು ಅಳುತ್ತಿದ್ದಳು. ಎಡಮಗ್ಗುಲಾಗಿ ಅಲ್ಲೇ ಮಲಗು ಎಂದೆ. ಮಗು ಒದೆಯುವ ತನಕ ಫೋನು ಇಡಲಿಲ್ಲ. ಒದೆಯಿತು. ನಾಲ್ಕು ಸಲ ಎಣಿಸಿದೆವು. ಆಮೇಲೆ ಬಂದೆ."

"ಆ ಹೆರಿಗೆ ಈ ಪುಸ್ತಕದಲ್ಲಿ ಇಲ್ಲ" ಎಂದೆ ನಾನು.

ಬಾಗಿಲ ಹತ್ತಿರ ನಿಂತಿದ್ದ ಝೊಹರಾ ಒಳಗೆ ಬಂದಳು. "ನಾನು ಕೂತಿದ್ದೆ ಅಲ್ವಾ ಸಿಸ್ಟರೇ? ನಾನೆಂತ ಕೊಲೆಗಾರ್ತಿಯಾ? ನಾನೇ ಅವಳನ್ನು ಎಬ್ಬಿಸಿ ಕಳ್ಸಿದ್ದು."

"ನೀನು ಕಲಿಯುವವಳಲ್ಲ. ಪುಸ್ತಕ ನಿನ್ನದಲ್ಲ."

"ಆ ತಾಯಿಗೆ ಎಂತಾದ್ರೂ ಆಯ್ತಾ? ಇಲ್ಲ. ಮತ್ತೆ ಎಂತಕ್ಕೆ ಈ ಹಟ?"

ನಾನು ಕೆಂಪು ಶಾಯಿಯಲ್ಲಿ ಮೂವತ್ತೆಂಟನೆಯದರ ಮೇಲೆ ಗೆರೆ ಎಳೆದೆ. ಅಲ್ಲಿಗೆ ಮೂವತ್ತೊಂಬತ್ತು. ನಾಲ್ಕನೇ ಕೋಣೆಯಲ್ಲಿ ಒಬ್ಬಳಿಗೆ ನೋವು ಶುರುವಾಗಿದೆ, ಇವತ್ತೇ ಮಾಡಿಸಿ ಬರೆಯುತ್ತೇನೆ ಎಂದಳು ಹಲೀಮಾ. ಪುಸ್ತಕ ನಾಲ್ಕಕ್ಕೆ ಹೋಗಬೇಕು ಎಂದೆ. ಹಾಗಾದರೆ ಶನಿವಾರ ಹೋಗಿಬಿಡುತ್ತೇನೆ, ಸರ್ಟಿಫಿಕೇಟು ಆಮೇಲೆ ಕಳುಹಿಸಿ ಎಂದಳು. ಅದು ಇಲ್ಲದೆ ಹೋದರೆ ನಿನ್ನನ್ನು ಮತ್ತೆ ನೆಲ ಒರೆಸಲು ಹಚ್ಚುತ್ತಾರೆ ಎಂದೆ. ಅದು ನಿಜ, ಅವಳಿಗೂ ಗೊತ್ತಿತ್ತು.

ಆಮೇಲೆ ನಾನು ದಿನದ ಲೆಕ್ಕ ಮಾಡಿದೆ. ಮೇಜಿನ ಮೇಲೆ ಹೆರಿಗೆಯ ದಿನ ನೋಡುವ ರಟ್ಟಿನ ಚಕ್ರವಿತ್ತು. ನಜ್ಮಾಳ ಮುಟ್ಟಿನ ದಿನ ಕೇಳಿ ತಿರುಗಿಸಿದೆ. ಹೆರಿಗೆಗೆ ಮೂವತ್ತೇಳು ದಿನ. ಮುಂದಿನ ಕಮಿಟಿಗೆ ಇಪ್ಪತ್ತೊಂಬತ್ತು. ಪ್ರಯಾಣಕ್ಕೆ ಮೂರು.

"ಐದು ದಿನ ಮೊದಲೇ ಮುಟ್ಟುತ್ತೀಯ. ಉಳಿದುಕೋ" ಎಂದೆ.

ಹೆರಿಗೆಯ ದಿನ ಎಂಬುದು ಅಂದಾಜು, ಎರಡು ಮೂರು ವಾರ ಆಚೀಚೆ ಆಗಬಹುದು, ಅದನ್ನು ನಂಬಿ ಕೂರಬೇಡಿ ಎಂದು ಮೂವತ್ತು ವರ್ಷ ಪ್ರತಿ ತರಗತಿಯಲ್ಲಿ ನಾನೇ ಹೇಳಿದ್ದೇನೆ. ಆ ಮಧ್ಯಾಹ್ನ ನಾನು ಅದನ್ನು ನಂಬಿದೆ. ಗೆರೆ ಎಳೆದಾಗಿತ್ತು, ಅದು ಸರಿಯೆಂದು ತೋರಿಸುವ ಒಂದು ಸಂಖ್ಯೆ ನನಗೆ ಬೇಕಾಗಿತ್ತು.

ಹಲೀಮಾ ಚಕ್ರವನ್ನು ನೋಡಿದಳು. "ನೀವು ಹೇಳಿದ ಹಾಗೆ, ಅಬ್ಲಾ" ಎಂದಳು.

ನಾಲ್ಕು ಮಂದಿ ಶನಿವಾರ ಹೋದರು. ಹಲೀಮಾ ಗೆರೆ ಬಿದ್ದ ಮರುದಿನವೇ ಇನ್ನೊಂದು ಹೆರಿಗೆ ಮಾಡಿಸಿ ನಲವತ್ತು ತುಂಬಿಸಿದ್ದಳು. ಕಮಿಟಿಯ ದಿನ ಬರುವವರೆಗೆ ಸುಮ್ಮನೆ ಕೂರಲಾರೆ ಎಂದು ದಿನವೂ ವಾರ್ಡಿಗೆ ಬರುತ್ತಿದ್ದಳು. ನಾಲ್ಕು ಹಾಸಿಗೆ ಖಾಲಿಯಾದ ಆ ಕೋಣೆಯಲ್ಲಿ ಒಬ್ಬಳೇ ಇರುತ್ತಿದ್ದಳು. ಝೊಹರಾ ಅವಳಿಗೆ ಮನೆಯಿಂದ ಮೀನುಸಾರು ತಂದುಕೊಡುತ್ತಿದ್ದಳು, ನನ್ನೊಂದಿಗೆ ಕೆಲಸದ ಮಾತು ಬಿಟ್ಟು ಬೇರೆ ಆಡುತ್ತಿರಲಿಲ್ಲ.

ಇಪ್ಪತ್ತನೆಯ ದಿನ, ಮಂಗಳವಾರ. ಯೆಮೆನಿನ ಒಬ್ಬ ಹೆಂಗಸಿಗೆ ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ಹೆರಿಗೆಯಾಯಿತು, ಆರನೆಯ ಮಗು. ಹಲೀಮಾ ಪಕ್ಕದಲ್ಲಿ ಕೂತಿದ್ದಳು. ಹನ್ನೊಂದೂ ಕಾಲಿಗೆ ಝೊಹರಾ ಹಲೀಮಾಳ ಫೋನನ್ನು ಕೈಯಲ್ಲಿ ಹಿಡಿದು ನನ್ನ ಮೇಜಿಗೆ ಬಂದಳು. ಮುಖ ನೋಡಿಯೇ ನಾನು ಎದ್ದೆ.

"ಅವಳ ಮಾವ ಫೋನು ಮಾಡಿದ್ದು. ನಜ್ಮಾ ಹೋದ್ಲು ಸಿಸ್ಟರೇ. ನಿನ್ನೆ ಹೆರಿಗೆ ಆಯ್ತಂತೆ. ಮಗು ಹೆಣ್ಣು, ಅದು ಉಂಟು. ರಕ್ತ ಹೋಗಿ ಇವಳು ಹೋದ್ಲು."

ನನಗೆ ಮೊದಲು ಹೊಳೆದದ್ದು ಎರಡು ಗಂಟೆ ಮುಗಿಯಲು ಇನ್ನೂ ಒಂದು ಗಂಟೆ ಐದು ನಿಮಿಷವಿದೆ ಎಂಬುದು. ಬರೆಯಲು ನಾಚಿಕೆಯಾಗುತ್ತದೆ, ಆದರೆ ಅದೇ ಹೊಳೆದದ್ದು. ನಾನು ಗಡಿಯಾರ ನೋಡಿದ್ದನ್ನು ಝೊಹರಾ ನೋಡಿದಳು.

"ಆಮೇಲೆ ಹೇಳುವ ಅಂತೀರಾ? ಎಂತ ಜನ ನೀವು?"

ನಾನು ಒಳಗೆ ಹೋದೆ. ಹಲೀಮಾಳ ಬಲಗೈ ತಾಯಿಯ ಹೊಟ್ಟೆಯ ಮೇಲಿತ್ತು. ಬಗ್ಗಿ ಮೆಲ್ಲಗೆ ಹೇಳಿದೆ. ಕೈ ಅಲ್ಲಿಯೇ ಇತ್ತು.

"ಮಗು?" ಎಂದಳು.

"ಇದೆ. ಹೆಣ್ಣು."

"ರಕ್ತವಾ?"

"ಹೌದಂತೆ." ಅವಳ ಭುಜ ಮುಟ್ಟಿ, "ನೀನು ಏಳು. ನಾನು ಕೂರುತ್ತೇನೆ" ಎಂದೆ.

ಅವಳು ಗೋಡೆಯ ಗಡಿಯಾರ ನೋಡಿದಳು. "ಹನ್ನೆರಡು ಇಪ್ಪತ್ತಕ್ಕೆ ಏಳುತ್ತೇನೆ, ಅಬ್ಲಾ."

ನಲವತ್ತು ತುಂಬಿತ್ತು. ಆ ಹೆರಿಗೆ ಪುಸ್ತಕಕ್ಕೆ ಬೇಕಿರಲಿಲ್ಲ. ಹಲೀಮಾ, ಏಳಮ್ಮ ಎಂದು ಮತ್ತೊಮ್ಮೆ ಹೇಳಿದೆ. ಆಗ ನಾನು ಕನ್ನಡದಲ್ಲಿ ಹೇಳಿದ್ದೆನೆಂದು ಆಮೇಲೆ ಝೊಹರಾ ಹೇಳಿದಳು. ಅವಳು ಏಳಲಿಲ್ಲ. ಹಾಸಿಗೆಯಲ್ಲಿದ್ದ ಹೆಂಗಸು ನಮ್ಮಿಬ್ಬರನ್ನೂ ನೋಡಿ, ನಗುತ್ತ, ಏನಾಯಿತು ಮಗಳೇ ಎಂದು ಕೇಳಿದಳು. ಏನಿಲ್ಲಮ್ಮ, ನೀವು ಮಲಗಿ ಎಂದಳು ಹಲೀಮಾ. ಕಾಲು ಗಂಟೆಗೊಮ್ಮೆ ಹೊಟ್ಟೆ ಮುಟ್ಟಿ ನೋಡಿದಳು, ಬಟ್ಟೆ ನೋಡಿದಳು, ನಾಡಿ ನೋಡಿದಳು, ಬರೆದಳು. ನಾನು ಗೋಡೆಗೆ ಒರಗಿ ನಿಂತಿದ್ದೆ. ಹೆರಿಗೆ ಕೋಣೆಯಲ್ಲಿ ಕೈಗೆ ಕೆಲಸವಿಲ್ಲದೆ ನಾನು ನಿಂತದ್ದು ಅದೇ ಮೊದಲು.

ಹನ್ನೆರಡು ಇಪ್ಪತ್ತಕ್ಕೆ ಎದ್ದಳು. ಮೊಣಕೈಯವರೆಗೆ ಕೈ ತೊಳೆದಳು. ಕೊನೆಯ ಸಾಲು ಬರೆದು ಸಹಿಗೆ ನನ್ನ ಮುಂದೆ ಹಿಡಿದಳು. ನಾನು ಹಾಕಿದೆ. ಅವಳು ಹೊರಗೆ ಹೋಗಿ ಬಟ್ಟೆ ಜೋಡಿಸುವ ಕೋಣೆಯ ಬಾಗಿಲು ತೆರೆದಳು, ಅಲ್ಲಿ ಝೊಹರಾ ಕಾಯುತ್ತಿದ್ದಳು. ಬಾಗಿಲು ಮುಚ್ಚಿದ ಮೇಲೂ ಆ ಅಳು ವಾರ್ಡಿನ ಕೊನೆಯವರೆಗೆ ಕೇಳಿತು. ಒಳಗೆ ಹೋಗುವ ಧೈರ್ಯ ನನಗಾಗಲಿಲ್ಲ.

ಸಂಜೆ ನಾನು ಆಫೀಸಿಗೆ ಹೋಗಿ ವಿಷಯ ತಿಳಿಸಿದೆ. ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಕಮಿಟಿಯ ಮೂವರೂ ಅವಳೊಬ್ಬಳ ಪುಸ್ತಕಕ್ಕೆಂದೇ ಬಂದು ಕೂತರು. ಹತ್ತು ನಿಮಿಷ ಹಿಡಿಯಿತು. ಇಂಥ ಸಂದರ್ಭದಲ್ಲಿ ಮೊದಲೇ ಹೇಳಬಹುದಿತ್ತಲ್ಲ ಸಿಸ್ಟರ್, ಯಾವಾಗ ಬೇಕಾದರೂ ಕೂರುತ್ತಿದ್ದೆವು ಎಂದರು ಅವರಲ್ಲಿ ಹಿರಿಯ ಡಾಕ್ಟರು. ನಾನು ಕೇಳಿರಲಿಲ್ಲ. ಕಮಿಟಿ ನಾಲ್ಕು ವಾರಕ್ಕೊಮ್ಮೆ ಕೂರುತ್ತದೆ ಎಂದು ನನಗೆ ಗೊತ್ತಿತ್ತು, ಹಾಗಾಗಿ ಕೇಳಿರಲಿಲ್ಲ.

ಅವಳು ಹೊರಡುವ ಮುನ್ನ ಹಾಸ್ಟೆಲಿನ ಕೋಣೆಗೆ ಹೋದೆ. ಕ್ಷಮಿಸು ಎನ್ನಬೇಕೆಂದು ಹೋದದ್ದು. ಅರಬ್ಬಿಯಲ್ಲಿ ಆ ಮಾತನ್ನು ದಿನಕ್ಕೆ ಹತ್ತು ಸಲ ವಾರ್ಡಿನಲ್ಲಿ ಕೇಳುತ್ತಿದ್ದೆ, ನನ್ನ ಬಾಯಿಂದ ಹೊರಡಲಿಲ್ಲ. ಅವಳು ಬಟ್ಟೆ ಮಡಚುತ್ತಲೇ ನಡೆದದ್ದನ್ನು ಹೇಳಿದಳು, ಪಾಳಿ ಬದಲಾಗುವಾಗ ವರದಿ ಕೊಡುವ ಹಾಗೆ.

"ಹೆರಿಗೆ ಸುಲಭವಾಗಿಯೇ ಆಯಿತಂತೆ. ಮಗು ಚೆನ್ನಾಗಿ ಅತ್ತಿತಂತೆ. ಎಲ್ಲರೂ ಮಗುವನ್ನು ಎತ್ತಿಕೊಂಡು ಹೊರಗಿನ ಜಗಲಿಗೆ ಹೋದರಂತೆ. ಒಂದು ಗಂಟೆಯ ಮೇಲೆ ಯಾರೋ ನೀರು ಕೊಡಲು ಒಳಗೆ ಹೋಗಿ ನೋಡಿದ್ದು." ಪೆಟ್ಟಿಗೆ ಮುಚ್ಚಿದಳು. "ನೀವು ಕಲಿಸಿದ್ದು ಸರಿ, ಅಬ್ಲಾ. ಕೂರಲೇಬೇಕು."

ಅವಳ ದನಿಯಲ್ಲಿ ಕೊಂಕಿರಲಿಲ್ಲ. ಬೈದಿದ್ದರೆ ನಾನು ಉತ್ತರ ಕೊಡುತ್ತಿದ್ದೆ, ಇಲ್ಲವೇ ಅಳುತ್ತಿದ್ದೆ. ಎರಡಕ್ಕೂ ಅವಳು ಜಾಗ ಕೊಡಲಿಲ್ಲ. ಪೆಟ್ಟಿಗೆಯ ಒಂದು ಹಿಡಿ ಅವಳು, ಇನ್ನೊಂದು ನಾನು ಹಿಡಿದು ವ್ಯಾನಿನವರೆಗೆ ಹೋದೆವು.

ಈಗ ಆ ದ್ವೀಪಕ್ಕೆ ಅವಳೊಬ್ಬಳೇ ಸೂಲಗಿತ್ತಿ. ನಜ್ಮಾಳ ಮಗಳನ್ನು ಅವಳೇ ಸಾಕುತ್ತಿದ್ದಾಳೆ, ಶಾಲೆಗೆ ಹೋಗುತ್ತದಂತೆ. ಅವಳು ಕಾಲಿಟ್ಟ ಮೇಲೆ ಅಲ್ಲಿ ಹೆತ್ತವಳನ್ನು ಒಬ್ಬಳೇ ಬಿಡುವ ಪದ್ಧತಿ ನಿಂತಿದೆ ಎಂದು ಝೊಹರಾ ಹೇಳುತ್ತಾಳೆ. ಸುದ್ದಿಯೆಲ್ಲ ನನಗೆ ಝೊಹರಾಳಿಂದಲೇ. ನಾನು ಫೋನು ಮಾಡಿಲ್ಲ.

ಅವಳು ಹೋದ ಮೇಲೆ ಇನ್ನೊಂದು ತಂಡ ಬಂತು, ಬೇರೆ ದ್ವೀಪಗಳಿಂದ ಆರು ಮಂದಿ. ಹಿಂದಿನ ವರ್ಷ ಒಬ್ಬಳ ಹೆರಿಗೆಗೆ ಕೆಂಪು ಗೆರೆ ಬಿದ್ದ ಕಥೆ ಅವರಿಗೆ ಬರುವ ಮೊದಲೇ ಗೊತ್ತಿತ್ತು. ಆಗ ನಾನು ನನ್ನೊಳಗೇ ತೀರ್ಮಾನ ಮಾಡಿಕೊಂಡಿದ್ದೆ: ಯಾರಾದರೂ ನಡುವೆ ಎದ್ದು ಹೋದದ್ದನ್ನು ಬರೆದರೆ ಕಾರಣ ಕೇಳುವುದು, ಕೇಳಿ ಸಹಿ ಹಾಕುವುದು. ವರ್ಷದ ಕೊನೆಯಲ್ಲಿ ಆರು ಪುಸ್ತಕಗಳನ್ನೂ ಮುಂದಿಟ್ಟುಕೊಂಡು ಸಾಲುಸಾಲಾಗಿ ಓದಿದೆ. ಇನ್ನೂರ ನಲವತ್ತು ಹೆರಿಗೆ. ಪ್ರತಿಯೊಂದಕ್ಕೂ ಪೂರ್ತಿ ಎರಡು ಗಂಟೆ. ನೀರು ಕುಡಿಯಲು ಎದ್ದವಳಿಲ್ಲ, ಫೋನಿಗೆ ಎದ್ದವಳಿಲ್ಲ, ಒಂದು ನಿಮಿಷ ಬಾಗಿಲ ತನಕ ಹೋದವಳೂ ಇಲ್ಲ. ಒಂದೊಂದು ಪುಟವೂ ಶುದ್ಧವಾಗಿತ್ತು. ಅದರಲ್ಲಿ ಒಂದನ್ನೂ ನಾನು ನಂಬಲಿಲ್ಲ. ಆರಕ್ಕೂ ಸಹಿ ಹಾಕಿ, ನಾಲ್ಕು ಗಂಟೆಗೆ ಆಫೀಸಿಗೆ ಕಳುಹಿಸಿದೆ.